ಮೊಲದ ಮೇಲೆ ಪರೀಕ್ಷೆಯಾಗದ ಲಸಿಕೆಯನ್ನು ಮಗುವಿಗೆ ಹಾಕಿಸಬಹುದಾ?

ಪ್ರಶ್ನೆ: ನನ್ನ ಮಗಳಿಗೆ ಈಗ ಮೂರೂವರೆ ತಿಂಗಳು. ಗಂಟಲಮಾರಿ, ನಾಯಿಕೆಮ್ಮು, ಧನುರ್ವಾಯು ಲಸಿಕೆಯ ಮುಂದಿನ ಡೋಸ್ ಬರುವ ವಾರ ಇದೆ. ಮೊನ್ನೆ ಒಂದು ಲೇಖನ ಓದಿದೆ. ಲಸಿಕೆಯ ಪ್ರತಿ ಬ್ಯಾಚನ್ನೂ ಇಲಿ, ಮೊಲ, ಗಿನಿಪಿಗ್‌ಗಳಿಗೆ ಚುಚ್ಚಿ ನೋಡಿಯೇ ಹೊರಗೆ ಬಿಡುತ್ತಿದ್ದರಂತೆ, ಈಗ ಆ ಪರೀಕ್ಷೆಗಳನ್ನು ಒಂದೊಂದಾಗಿ ನಿಲ್ಲಿಸುತ್ತಿದ್ದಾರಂತೆ. ನಮ್ಮ ಮನೆಯಲ್ಲಿ ಎರಡು ಮೊಲ ಸಾಕಿದ್ದೇವೆ. ಹಾಗಾಗಿ ಮೊದಲು ಖುಷಿಯೇ ಆಯಿತು, ಆಮೇಲೆ ಹೆದರಿಕೆ ಶುರುವಾಯಿತು. ನಮ್ಮ ಭಾವ "ಇದೆಲ್ಲ ಖರ್ಚು ಉಳಿಸೋ ಆಟ, ಇನ್ಮೇಲೆ ಪರೀಕ್ಷೆ ನಮ್ಮ ಮಕ್ಕಳ ಮೇಲೇ" ಅನ್ನುತ್ತಾರೆ. ಅತ್ತಿಗೆ "ಅಷ್ಟೊಂದು ಬೇಡದ ಪರೀಕ್ಷೆ ಆಗಿದ್ದರೆ ಇಷ್ಟು ವರ್ಷ ಆ ಪ್ರಾಣಿಗಳನ್ನ ಯಾಕೆ ಕೊಂದರು?" ಅಂತ ಕೇಳುತ್ತಾರೆ. ಇಬ್ಬರ ಮಾತೂ ಸರಿ ಅನ್ನಿಸುತ್ತದೆ. ದಯವಿಟ್ಟು ಬಿಡಿಸಿ ಹೇಳಿ.

ಉತ್ತರ: ಮೊದಲೇ ಹೇಳಿಬಿಡುತ್ತೇನೆ, ಬರುವ ವಾರದ ಡೋಸ್ ತಪ್ಪಿಸಬೇಡಿ. ಉಳಿದದ್ದನ್ನು ನಿಧಾನವಾಗಿ ಮಾತಾಡೋಣ. ನಾನು ಲಸಿಕೆಗಳ ಗುಣಮಟ್ಟ ಪರೀಕ್ಷಿಸುವ ಲ್ಯಾಬುಗಳಲ್ಲಿ ಇಪ್ಪತ್ತು ವರ್ಷಕ್ಕೂ ಜಾಸ್ತಿ ಕೆಲಸ ಮಾಡಿದವನು. ಮೊದಲ ಕೆಲವು ವರ್ಷ ಅನಿಮಲ್ ಹೌಸ್‌ನಲ್ಲೇ ಇದ್ದೆ. ನಿಮ್ಮ ಭಾವ ಹೇಳುವುದನ್ನು ಹೊರಗಿನವರಿಂದ ಕೇಳಿದ್ದೇನೆ. ನಿಮ್ಮ ಅತ್ತಿಗೆಯ ಪ್ರಶ್ನೆಯನ್ನು ನನಗೆ ನಾನೇ ಎಷ್ಟೋ ಸಲ ಕೇಳಿಕೊಂಡಿದ್ದೇನೆ.

ಒಂದು ಗೊಂದಲ ಮೊದಲು ಬಿಡಿಸಿಕೊಳ್ಳೋಣ. "ಪ್ರಾಣಿಗಳ ಮೇಲೆ ಪರೀಕ್ಷೆ" ಅನ್ನುವ ಒಂದೇ ಹೆಸರಿನಲ್ಲಿ ಎರಡು ಬೇರೆ ಕೆಲಸಗಳಿವೆ. ಹೊಸ ಲಸಿಕೆಯೊಂದನ್ನು ಮನುಷ್ಯರಿಗೆ ಕೊಡುವ ಮುಂಚೆ ಪ್ರಾಣಿಗಳಲ್ಲಿ ನೋಡುವುದು ಒಂದು. ಅದು ಲಸಿಕೆ ಹುಟ್ಟುವ ಹೊತ್ತಿನ ಕೆಲಸ. ಇನ್ನೊಂದು, ಒಪ್ಪಿಗೆ ಸಿಕ್ಕು ವರ್ಷಗಟ್ಟಲೆ ಬಳಕೆಯಲ್ಲಿರುವ ಲಸಿಕೆಯ ಪ್ರತಿ ಬ್ಯಾಚ್ ಕಾರ್ಖಾನೆ ಬಿಡುವ ಮುನ್ನ ಮಾಡುವ ಪರೀಕ್ಷೆ. ನೀವು ಓದಿದ್ದು ಈ ಎರಡನೆಯದರ ಬಗ್ಗೆ. ನಿಮ್ಮ ಮಗಳಿಗೆ ಹಾಕುವಂಥ ಲಸಿಕೆ ಕೋಟಿಗಟ್ಟಲೆ ಮಕ್ಕಳಿಗೆ ಆಗಲೇ ಹೋಗಿದೆ. ಅದು ಕೆಲಸ ಮಾಡುತ್ತದಾ ಅನ್ನುವುದು ಈಗಿನ ಪ್ರಶ್ನೆ ಅಲ್ಲ. ಈ ಬ್ಯಾಚು ಹಿಂದಿನ ಒಳ್ಳೆಯ ಬ್ಯಾಚುಗಳ ಹಾಗೇ ಇದೆಯಾ ಅನ್ನುವುದಷ್ಟೇ ಪ್ರಶ್ನೆ. "ಮಕ್ಕಳ ಮೇಲೇ ಪರೀಕ್ಷೆ" ಅನ್ನುವ ಮಾತು ಸರಿಯಲ್ಲ ಅನ್ನುವುದು ಇದೇ ಕಾರಣಕ್ಕೆ.

ಹಾಗಾದರೆ ಬ್ಯಾಚ್ ಬ್ಯಾಚಿಗೂ ಯಾಕೆ ಪರೀಕ್ಷೆ? ಮಾತ್ರೆ ರಸಾಯನದ ಲೆಕ್ಕ, ಅಳೆದು ತೂಗಿ ಬೆರೆಸಿದರೆ ಆಯಿತು. ಲಸಿಕೆ ಹಾಗಲ್ಲ, ಅದು ಬೆಳೆದು ಬರುವಂಥದ್ದು. ಬ್ಯಾಕ್ಟೀರಿಯಾವೋ ವೈರಸ್ಸೋ ತೊಟ್ಟಿಯಲ್ಲಿ ಬೆಳೆಯಬೇಕು, ಅದರ ನಂಜು ಮುರಿಯಬೇಕು, ಶುದ್ಧ ಮಾಡಬೇಕು. ಜೀವ ಇರುವ ಕಡೆ ಏರುಪೇರು ಇದ್ದೇ ಇರುತ್ತದೆ. ಅದನ್ನು ಕಡೆಗಣಿಸಿದಾಗ ಏನಾಗುತ್ತದೆ ಅನ್ನುವುದಕ್ಕೆ ಹಳೆಯ ಉದಾಹರಣೆ 1901ರದು. ಅಮೆರಿಕದ ಸೇಂಟ್ ಲೂಯಿಸ್ ನಗರದಲ್ಲಿ ಜಿಮ್ ಅನ್ನುವ ಕುದುರೆಯ ರಕ್ತದಿಂದ ಗಂಟಲಮಾರಿಗೆ ಔಷಧಿ ತೆಗೆಯುತ್ತಿದ್ದರು. ಕುದುರೆಗೆ ಧನುರ್ವಾಯು ತಗುಲಿತ್ತು. ಆ ರಕ್ತದ ಸೀರಂ, ಅಂದರೆ ರಕ್ತದ ತಿಳಿ ಭಾಗ, ಪಡೆದ 13 ಮಕ್ಕಳು ತೀರಿಕೊಂಡರು. ಮರುವರ್ಷವೇ ಅಲ್ಲಿ ಇಂಥ ಔಷಧಿಗಳ ಮೇಲೆ ಕಾನೂನು ಬಂತು.

ಆ ಕಾಲದಲ್ಲಿ ನಂಜು ಇದೆಯಾ ಇಲ್ಲವಾ ಅಂತ ತಿಳಿಯಲು ಬೇರೆ ಉಪಕರಣ ಇರಲಿಲ್ಲ. ಗಿನಿಪಿಗ್ಗೇ ಉಪಕರಣ. 1897ರಲ್ಲಿ ಜರ್ಮನಿಯ ಪಾಲ್ ಎರ್ಲಿಖ್ ಗಂಟಲಮಾರಿ ಸೀರಂನ ಶಕ್ತಿಯನ್ನು ಅಳೆಯುವ ಕ್ರಮ ಹಾಕಿಕೊಟ್ಟಿದ್ದು ಗಿನಿಪಿಗ್‌ಗಳ ಮೇಲೆಯೇ. ಎಲೈಸಾ (ಪ್ರೋಟೀನು ಅಳೆಯುವ ತಟ್ಟೆಯ ಪರೀಕ್ಷೆ) ಇಲ್ಲ, ಕೋಶ ಬೆಳೆಸುವ ವಿದ್ಯೆ ಇಲ್ಲ, ಪ್ರೋಟೀನಿನ ಆಕಾರ ನೋಡುವ ಯಂತ್ರ ಇಲ್ಲ. ಅತ್ತಿಗೆಯ ಪ್ರಶ್ನೆಗೆ ಅರ್ಧ ಉತ್ತರ ಇಲ್ಲೇ ಸಿಕ್ಕಿತು. ಆಗ ಅದು ಬೇಕಿತ್ತು, ಮಕ್ಕಳ ಜೀವವನ್ನೂ ಉಳಿಸಿತು. ಇನ್ನರ್ಧ ಉತ್ತರ ಅಷ್ಟು ಚೆನ್ನಾಗಿಲ್ಲ. ಉಪಕರಣ ಬದಲಾದ ಮೇಲೂ ನಿಯಮ ಬದಲಾಗಲಿಲ್ಲ.

ಅದಕ್ಕೆ ಒಳ್ಳೆಯ ಸಾಕ್ಷಿ, ನಾನು ನೂರಾರು ಸಲ ಮಾಡಿದ ಒಂದು ಪರೀಕ್ಷೆ. ಹೆಸರು ಅಬ್ನಾರ್ಮಲ್ ಟಾಕ್ಸಿಸಿಟಿ ಟೆಸ್ಟ್. ಐದು ಬಿಳಿ ಇಲಿ, ಎರಡು ಗಿನಿಪಿಗ್. ಪ್ರತಿಯೊಂದರ ಹೊಟ್ಟೆಯೊಳಗೆ ಮನುಷ್ಯರಿಗೆ ಕೊಡುವ ಒಂದು ಡೋಸ್ ಚುಚ್ಚುವುದು, ಏಳು ದಿನ ನೋಡುವುದು. ಸಾಯಬಾರದು, ಕಾಯಿಲೆ ಬೀಳಬಾರದು. ಇಷ್ಟೇ. ಇಲಿಯ ತೂಕ 20 ಗ್ರಾಂ, ನಿಮ್ಮ ಮಗಳು ಆರು ಕೆಜಿ ಇರಬಹುದು, ಅಂದರೆ ಇಲಿಯ ಮುನ್ನೂರು ಪಟ್ಟು. ಮಗುವಿನ ಡೋಸನ್ನು ಹಾಗೇ ಇಲಿಗೆ ಕೊಟ್ಟು ಅದಕ್ಕೆ ಏನಾಗುತ್ತದೆ ಅಂತ ನೋಡಿದರೆ ಮಗುವಿನ ಬಗ್ಗೆ ಏನು ಗೊತ್ತಾದೀತು? ಇದು ಹುಟ್ಟಿದ್ದು ಇಪ್ಪತ್ತನೇ ಶತಮಾನದ ಆರಂಭದಲ್ಲಿ, ಜರ್ಮನಿಯಲ್ಲಿ, ಕುದುರೆ ಸೀರಂಗಳಿಗಾಗಿ. ಕೆಡದಿರಲಿ ಅಂತ ಹಾಕುವ ಫೀನಾಲ್ ಜಾಸ್ತಿಯಾಗಿದ್ದರೆ ಇಲಿಯಲ್ಲಿ ಗೊತ್ತಾಗುತ್ತಿತ್ತು. ಧನುರ್ವಾಯು ನಂಜು ಸೇರಿದ್ದರೆ ಗಿನಿಪಿಗ್‌ನಲ್ಲಿ ಗೊತ್ತಾಗುತ್ತಿತ್ತು. ಆ ಎರಡನ್ನೂ ಈಗ ನೇರವಾಗಿಯೇ ಅಳೆಯುತ್ತೇವೆ ಅಥವಾ ಒಳಗೆ ಬರದ ಹಾಗೆ ತಡೆಯುತ್ತೇವೆ. ಆದರೂ ಪರೀಕ್ಷೆ ಮಾತ್ರ ಎಲ್ಲ ಲಸಿಕೆಗಳಿಗೂ ಅಂಟಿಕೊಂಡು ಬಂತು.

ನನ್ನ ಕಣ್ಣೆದುರು ಒಂದು ಬ್ಯಾಚ್ ಇದರಲ್ಲಿ ಫೇಲ್ ಆಯಿತು. ಮೂರನೇ ದಿನ ಬೆಳಗ್ಗೆ ಒಂದು ಇಲಿ ಸತ್ತಿತ್ತು. ಎಲ್ಲರಿಗೂ ಗಾಬರಿ. ಕತ್ತರಿಸಿ ನೋಡಿದರೆ ಬೆನ್ನ ಮೇಲೆಲ್ಲ ಕಚ್ಚಿದ ಗಾಯ. ಗಂಡು ಇಲಿಗಳನ್ನು ಒಟ್ಟಿಗೆ ಹಾಕಿದ್ದರು, ಕಾದಾಡಿಕೊಂಡಿದ್ದವು. ನಿಯಮ ನಿಯಮವೇ ಅಲ್ವಾ, ಮತ್ತೆ ಪರೀಕ್ಷೆ ಮಾಡಿದೆವು, ಪಾಸಾಯಿತು. ಲಸಿಕೆಯ ಬಗ್ಗೆ ನಮಗೆ ಹೊಸದಾಗಿ ಗೊತ್ತಾಗಿದ್ದು ಸೊನ್ನೆ.

ಅಮೆರಿಕದ ಔಷಧಿ ನಿಯಂತ್ರಣ ಸಂಸ್ಥೆ ಎಫ್‌ಡಿಎ ಇದನ್ನೇ ಹೋಲುವ ಪರೀಕ್ಷೆಯನ್ನು 2015ರಲ್ಲಿ ತನ್ನ ನಿಯಮಗಳಿಂದ ತೆಗೆದುಹಾಕಿತು. 2018ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ತಜ್ಞರ ಸಮಿತಿಯೂ ಇದು ಬೇಡ ಅಂದಿತು. ಯುರೋಪಿನ ಔಷಧಿಗಳ ಗುಣಮಟ್ಟದ ನಿಯಮಪುಸ್ತಕ, ಯುರೋಪಿಯನ್ ಫಾರ್ಮಕೋಪಿಯಾದಲ್ಲಿ 2019ರಿಂದ ಇದು ಇಲ್ಲ. ಗಮನಿಸಿ, ಇದರ ಜಾಗಕ್ಕೆ ಬೇರೆ ಪರೀಕ್ಷೆ ತರಲಿಲ್ಲ. ಸುಮ್ನೆ ಬಿಟ್ಟರು. ನಿಮ್ಮ ಭಾವನಿಗೆ ಅನುಮಾನ ಬರುವುದಿದ್ದರೆ ಇಲ್ಲೇ ಬರಬೇಕು. ಆದರೆ ಏನನ್ನೂ ಹಿಡಿಯದ ಜರಡಿಯನ್ನು ತೆಗೆದರೆ ಹಿಟ್ಟಿನಲ್ಲಿ ಕಲ್ಲು ಜಾಸ್ತಿಯಾಗುವುದಿಲ್ಲ.

ಈಗ ನಿಮ್ಮ ಮೊಲದ ವಿಷಯ. ಜ್ವರ ತರಿಸುವ ಕಲ್ಮಶ ಇದೆಯಾ ಅಂತ ನೋಡಲು ಮೊಲದ ಕಿವಿಯ ರಕ್ತನಾಳಕ್ಕೆ ಔಷಧಿ ಕೊಟ್ಟು ಮೂರು ಗಂಟೆ ಅದರ ಮೈಬಿಸಿ ನೋಡುತ್ತಾರೆ. ಮೂರು ಮೊಲ ಸಾಲಾಗಿ ಮರದ ಪೆಟ್ಟಿಗೆಯಲ್ಲಿ ಕತ್ತು ಹೊರಗೆ ಹಾಕಿ ಕೂತಿರುತ್ತವೆ, ಗುದದ್ವಾರದಲ್ಲಿ ಥರ್ಮಾಮೀಟರ್. ಯುರೋಪಿನ ಹಿಂದಿನ ಲೆಕ್ಕದಲ್ಲಿ ಮೂರರ ಏರಿಕೆಯನ್ನೂ ಕೂಡಿದರೆ 1.15 ಡಿಗ್ರಿ ಸೆಲ್ಸಿಯಸ್ ದಾಟಬಾರದು. 2.65 ದಾಟಿದರೆ ಫೇಲ್. ನಡುವೆ ಬಂದರೆ ಇನ್ನೂ ಮೂರು ಮೊಲ ತರಬೇಕು. ಮೊಲ ಸಾಕಿದವರಿಗೆ ಗೊತ್ತಿರುತ್ತದೆ, ಅದು ಎಷ್ಟು ಪುಕ್ಕಲು ಪ್ರಾಣಿ ಅಂತ. ಹೆದರಿದರೆ ಮೈ ಬಿಸಿಯಾಗುತ್ತದೆ. ಅದಕ್ಕೇ ನಿಜವಾದ ಪರೀಕ್ಷೆಗೆ ಒಂದೆರಡು ದಿನ ಮುಂಚೆ ಬರೀ ಉಪ್ಪುನೀರು ಕೊಟ್ಟು ಅಭ್ಯಾಸ ಮಾಡಿಸುತ್ತಾರೆ. ನಮ್ಮಲ್ಲಿ ಹೊಸಬರು ಯಾರಾದರೂ ಕೋಣೆಗೆ ಬಂದ ದಿನ, ಬಾಗಿಲು ದಡಾರನೆ ಬಡಿದ ದಿನ, ಗ್ರಾಫಿನಲ್ಲಿ ಅದು ಕಾಣುತ್ತಿತ್ತು. ಬಾಗಿಲಿಗೆ ರಬ್ಬರ್ ಹಾಕಿಸಿದ ಮೇಲೆ ಫಲಿತಾಂಶ ಸುಧಾರಿಸಿತು ಅಂತ ನಮ್ಮ ಹಿರಿಯ ಟೆಕ್ನಿಷಿಯನ್ ತಮಾಷೆ ಮಾಡುತ್ತಿದ್ದರು. ಅದು ಪೂರ್ತಿ ತಮಾಷೆ ಆಗಿರಲಿಲ್ಲ.

ಇದಕ್ಕೆ ಬದಲಿ ಇದೆ, ಹಳೆಯ ಪರೀಕ್ಷೆಗಿಂತ ಎಷ್ಟೋ ಸೂಕ್ಷ್ಮವಾದದ್ದೇ ಇದೆ. ಜ್ವರದ ಕಲ್ಮಶಗಳಲ್ಲಿ ದೊಡ್ಡ ಪಾಲು ಕೆಲವು ಬ್ಯಾಕ್ಟೀರಿಯಾಗಳ ಹೊರಗೋಡೆಯ ತುಣುಕು, ಎಂಡೋಟಾಕ್ಸಿನ್ ಅನ್ನುತ್ತೇವೆ. 1960ರ ದಶಕದಲ್ಲಿ ಲೆವಿನ್ ಮತ್ತು ಬ್ಯಾಂಗ್ ಅನ್ನುವ ಇಬ್ಬರು, ಕುದುರೆಲಾಳ ಏಡಿ ಅನ್ನುವ ಕಡಲಜೀವಿಯ ರಕ್ತಕೋಶದ ಸಾರ ಎಂಡೋಟಾಕ್ಸಿನ್ ಸೋಕಿದ ಕೂಡಲೇ ಹೆಪ್ಪುಗಟ್ಟುತ್ತದೆ ಅಂತ ತೋರಿಸಿದರು. ಮೊಲದ ಬದಲು ಗಾಜಿನ ನಳಿಕೆ ಸಾಕಾಯಿತು. (ಏಡಿಯನ್ನು ಹಿಡಿದು ರಕ್ತ ತೆಗೆದು ಕಡಲಿಗೆ ಬಿಡುತ್ತಾರೆ, ಅದರಲ್ಲೂ ಒಂದಷ್ಟು ಸಾಯುತ್ತವೆ. ಮೊಲವನ್ನು ಉಳಿಸಿ ಏಡಿಯನ್ನು ಹಿಡಿದೆವು ಅಂತ ಯಾರಾದರೂ ಅಂದರೆ ನನ್ನಲ್ಲಿ ಮಾತಿಲ್ಲ. ಅದೇ ಪ್ರೋಟೀನನ್ನು ಲ್ಯಾಬಿನಲ್ಲೇ ತಯಾರಿಸುವ ವಿಧಾನ ಈಗಿದೆ. 2021ರಿಂದ ಯುರೋಪಿಯನ್ ಫಾರ್ಮಕೋಪಿಯಾದಲ್ಲೂ ಸೇರಿದೆ.) ಎಂಡೋಟಾಕ್ಸಿನ್ ಅಲ್ಲದ ಜ್ವರಕಾರಕಗಳೂ ಇರುತ್ತವೆ, ಏಡಿಯ ಪರೀಕ್ಷೆಗೆ ಅವು ಕಾಣುವುದಿಲ್ಲ. ಅದಕ್ಕೆ ಮನುಷ್ಯರ ಬಿಳಿ ರಕ್ತಕಣಗಳನ್ನೇ ಬಳಸುವ ಮಾನೊಸೈಟ್ ಆಕ್ಟಿವೇಶನ್ ಟೆಸ್ಟ್ ಇದೆ. ನಮ್ಮ ಮೈಯಲ್ಲಿ ಜ್ವರ ಶುರುವಾಗುವುದೇ ಆ ಕಣಗಳು ಬಿಡುವ ಸಂಕೇತಗಳಿಂದ. ಮೊಲಕ್ಕಿಂತ ನಮಗೆ ಹತ್ತಿರದ ಸಾಕ್ಷಿ. ಯುರೋಪಿಯನ್ ಫಾರ್ಮಕೋಪಿಯಾ ಮೊಲದ ಪರೀಕ್ಷೆಯನ್ನು ಕೈಬಿಡುವ ತೀರ್ಮಾನವನ್ನು 2024ರಲ್ಲಿ ಮಾಡಿತು, 2025ರ ಜುಲೈನಿಂದ ಅದು ಜಾರಿಗೆ ಬಂತು. ನಿಮ್ಮ ಲೇಖನ ಬಹುಶಃ ಇದರ ಬಗ್ಗೆಯೇ ಇರಬೇಕು.

ಇಲ್ಲಿಯವರೆಗೆ ಹೇಳಿದ್ದು ಸುಲಭದ ಭಾಗ. ಕಷ್ಟ ಇರುವುದು ಲಸಿಕೆಯ ಕಸುವು ಅಳೆಯುವುದರಲ್ಲಿ, ಲ್ಯಾಬಿನ ಮಾತಿನಲ್ಲಿ ಪೊಟೆನ್ಸಿ ಟೆಸ್ಟ್.

ರೇಬೀಸ್ ಲಸಿಕೆಯ ಹಳೆಯ ಪರೀಕ್ಷೆಯನ್ನೇ ನೋಡಿ. ಇಲಿಗಳ ಗುಂಪುಗಳಿಗೆ ಬೇರೆ ಬೇರೆ ಪ್ರಮಾಣದಲ್ಲಿ ಲಸಿಕೆ, ಒಂದು ವಾರ ಬಿಟ್ಟು ಇನ್ನೊಮ್ಮೆ. ಹದಿನಾಲ್ಕನೇ ದಿನ ಮಂಪರು ಕೊಟ್ಟು ನೇರವಾಗಿ ಮಿದುಳಿಗೇ ರೇಬೀಸ್ ವೈರಸ್, ಒಂದು ಹನಿಯಷ್ಟು. ಆಮೇಲೆ ಎರಡು ವಾರ ದಿನಾ ನೋಡುವುದು. ಮೊದಲು ಮೈಕೂದಲು ಕೆದರುತ್ತದೆ. ಆಮೇಲೆ ನಡುಕ, ಗಿರಕಿ ಹೊಡೆಯುವುದು, ಹಿಂಗಾಲು ಎಳೆಯುವುದು. ಒಂದು ಬ್ಯಾಚಿಗೆ ನೂರಕ್ಕೂ ಹೆಚ್ಚು ಇಲಿ, ಒಟ್ಟು ನಾಲ್ಕು ವಾರ. ಕೆದರಿದ ಕೂದಲು ಅಂತ ನಾನು ಬರೆದದ್ದನ್ನು ನನ್ನ ಜೊತೆಯವರು ಸರಿಯಾಗೇ ಇದೆ ಅಂತ ಬರೆದದ್ದುಂಟು, ಒಂದೇ ಇಲಿ, ಒಂದೇ ಬೆಳಗ್ಗೆ. ಇಷ್ಟೆಲ್ಲ ಆಗಿ ಬರುವ ಉತ್ತರ ಎಷ್ಟು ನಿಖರ ಗೊತ್ತಾ? ಲೆಕ್ಕದ ಅನಿಶ್ಚಿತತೆ ಶೇ 25ರಿಂದ ಶೇ 400ರವರೆಗೆ ಇದ್ದರೂ ನಿಯಮ ಒಪ್ಪುತ್ತದೆ. ಒಂದು ಕೆಜಿ ಅಂತ ತೋರಿಸಿದ ತಕ್ಕಡಿಯಲ್ಲಿ ನಿಜವಾಗಿ ಕಾಲು ಕೆಜಿಯೂ ಇರಬಹುದು, ನಾಲ್ಕು ಕೆಜಿಯೂ ಇರಬಹುದು ಅಂದ ಹಾಗೆ. ಜನ ಇದನ್ನೇ "ಚಿನ್ನದಂಥ ಪರೀಕ್ಷೆ" ಅಂದುಕೊಂಡಿದ್ದಾರೆ. ಪ್ರಾಣಿ ಪರೀಕ್ಷೆಗಳಲ್ಲಿ ಹೆಚ್ಚಿನವನ್ನು ಇಂದಿನ ಅಳತೆಗೋಲಿಗೆ ಯಾರೂ ಹಚ್ಚಿ ನೋಡಿಯೇ ಇಲ್ಲ. ಮೊದಲಿನಿಂದ ಇದ್ದವು, ಹಾಗಾಗಿ ಉಳಿದವು.

ಇದರ ಬದಲಿಗೆ ಬರುತ್ತಿರುವುದು ಎಲೈಸಾ. 96 ಚಿಕ್ಕ ಗುಳಿಗಳಿರುವ ಪ್ಲಾಸ್ಟಿಕ್ ತಟ್ಟೆ. ಗುಳಿಯ ತಳಕ್ಕೆ ಪ್ರತಿಕಾಯ, ಅಂದರೆ ರೋಗಾಣುವನ್ನು ಗುರುತಿಸಿ ಹಿಡಿಯುವ ಪ್ರೋಟೀನು, ಅಂಟಿಸಿರುತ್ತಾರೆ. ಲಸಿಕೆಯಲ್ಲಿರುವ ವೈರಸ್ಸಿನ ಪ್ರೋಟೀನನ್ನು ಅದು ಹಿಡಿದುಕೊಂಡರೆ ಕೊನೆಗೆ ಹಳದಿ ಬಣ್ಣ ಏಳುತ್ತದೆ. ಬಣ್ಣ ಗಾಢವಾದಷ್ಟೂ ಪ್ರೋಟೀನು ಜಾಸ್ತಿ. ಒಂದೆರಡು ದಿನದ ಕೆಲಸ, ಎರಡು ಸಲ ಮಾಡಿದರೆ ಹೆಚ್ಚುಕಮ್ಮಿ ಒಂದೇ ಉತ್ತರ.

ಆದರೆ ಇಲ್ಲೊಂದು ಬಲೆ ಇದೆ, ನಾನೇ ಅದರಲ್ಲಿ ಬಿದ್ದಿದ್ದೆ. ರೇಬೀಸ್ ವೈರಸ್ಸಿನ ಹೊರಮೈಯ ಪ್ರೋಟೀನು ಸರಿಯಾಗಿ ಮಡಚಿಕೊಂಡ ಆಕಾರದಲ್ಲಿದ್ದರೆ ಮಾತ್ರ ನಮ್ಮ ಮೈ ಉಪಯೋಗಕ್ಕೆ ಬರುವ ಪ್ರತಿಕಾಯ ತಯಾರಿಸುತ್ತದೆ. ಆಕಾರ ಬಿಚ್ಚಿಹೋದರೆ ಪ್ರೋಟೀನು ಇದ್ದೂ ಇಲ್ಲದ ಹಾಗೆ. ನಾವು ಒಂದು ಎಲೈಸಾ ಕಟ್ಟಿದೆವು, ಬ್ಯಾಚುಗಳೆಲ್ಲ ಚೆಂದದ ಅಂಕಿ ಕೊಟ್ಟವು. ಆಮೇಲೆ ಬೇಕೆಂದೇ ಲಸಿಕೆಯ ಕೆಲವು ಸೀಸೆಗಳನ್ನು (ವಯಲ್‌ಗಳನ್ನು) ಬಿಸಿನೀರಿನ ತೊಟ್ಟಿಯಲ್ಲಿಟ್ಟು ಹಾಳು ಮಾಡಿ ಅದೇ ತಟ್ಟೆಗೆ ಹಾಕಿದೆವು. ಬಣ್ಣ ಮೊದಲಿನಷ್ಟೇ ಹಳದಿ! ನಮ್ಮ ಪ್ರತಿಕಾಯ ಹಿಡಿಯುತ್ತಿದ್ದುದು ಆಕಾರ ಕೆಟ್ಟರೂ ಬದಲಾಗದ ಒಂದು ತುಣುಕನ್ನು. ಸತ್ತ ಲಸಿಕೆಗೂ ಅದು ಪಾಸ್ ಅನ್ನುತ್ತಿತ್ತು. ಆರು ತಿಂಗಳ ಕೆಲಸ ಕಸದಬುಟ್ಟಿಗೆ ಹೋಯಿತು. ಸರಿಯಾದ ಆಕಾರವನ್ನಷ್ಟೇ ಗುರುತಿಸುವ ಬೇರೆ ಪ್ರತಿಕಾಯ ಹುಡುಕಿ ಮತ್ತೆ ಶುರು ಮಾಡಿದೆವು. ಆದ್ದರಿಂದ ಯಾರಾದರೂ "ಪ್ರಾಣಿ ಪರೀಕ್ಷೆ ಬಿಟ್ಟು ಎಲೈಸಾಗೆ ಬಂದೆವು" ಅಂದರೆ ನಾನು ಮೊದಲು ಕೇಳುವುದು ಒಂದೇ: ಕೆಟ್ಟ ವಯಲ್ ಕೊಟ್ಟರೆ ನಿಮ್ಮ ತಟ್ಟೆ ಫೇಲ್ ಅನ್ನುತ್ತದಾ? ಹೌದು ಅಂದರೆ ಇಲಿಗಿಂತ ಅದನ್ನೇ ನಂಬುತ್ತೇನೆ. ಇಲ್ಲ ಅಂದರೆ ಇಲಿಯೇ ಮೇಲು.

ನಿಮ್ಮ ಮಗಳ ಲಸಿಕೆಯಲ್ಲಿ ಇನ್ನೊಂದು ತೊಡಕಿದೆ. ಅದರಲ್ಲಿ ಅಲ್ಯೂಮಿನಿಯಂ ಉಪ್ಪು ಇರುತ್ತದೆ, ಲಸಿಕೆಯ ಪ್ರೋಟೀನುಗಳು ಅದಕ್ಕೆ ಅಂಟಿಕೊಂಡಿರುತ್ತವೆ. ಮೈಯಲ್ಲಿ ಅದು ಒಳ್ಳೆಯದೇ, ಪ್ರತಿಕ್ರಿಯೆ ಜೋರಾಗುತ್ತದೆ. ತಟ್ಟೆಯಲ್ಲಿ ಮಾತ್ರ ಕಿರಿಕಿರಿ. ಅಂಟಿಕೊಂಡದ್ದು ಪ್ರತಿಕಾಯಕ್ಕೆ ಸಿಗುವುದಿಲ್ಲ, ಬಿಡಿಸಲು ಹೋದರೆ ಆಕಾರ ಕೆಡುತ್ತದೆ. ಮೇಲಾಗಿ ಅದು ಒಂದೇ ಲಸಿಕೆಯಲ್ಲ, ಕೂಡಿಸಿದ ಲಸಿಕೆ. ಗಂಟಲಮಾರಿ, ಧನುರ್ವಾಯು ಭಾಗಗಳಿಗೆ ಮಧ್ಯದ ದಾರಿ ಮೊದಲೇ ಬಂದಿದೆ. ಪ್ರಾಣಿಗೆ ಲಸಿಕೆ ಕೊಟ್ಟು ಆಮೇಲೆ ನಂಜು ಚುಚ್ಚಿ ಒದ್ದಾಡಿಸುವುದಿಲ್ಲ, ಸ್ವಲ್ಪ ರಕ್ತ ತೆಗೆದು ಪ್ರತಿಕಾಯ ಎಷ್ಟಿದೆ ಅಂತ ಅಳೆಯುತ್ತಾರೆ. ಪ್ರಾಣಿ ಇನ್ನೂ ಬೇಕು, ಆದರೆ ಕಡಿಮೆ ಬೇಕು, ನರಳಾಟವೂ ಕಡಿಮೆ. ರಸೆಲ್ ಮತ್ತು ಬರ್ಚ್ ಅನ್ನುವ ಇಬ್ಬರು ವಿಜ್ಞಾನಿಗಳು 1959ರಲ್ಲೇ ಮೂರು ಮೆಟ್ಟಿಲು ಹೇಳಿದ್ದರು: ಬದಲಿ ಹುಡುಕಿ, ಸಂಖ್ಯೆ ಇಳಿಸಿ, ನೋವು ತಗ್ಗಿಸಿ. ಇದು ಕೊನೆಯ ಎರಡಕ್ಕೆ ಸೇರಿದ್ದು.

ನಾಯಿಕೆಮ್ಮಿನ ಭಾಗದಲ್ಲಿ ಎರಡು ಬಗೆ. ಬ್ಯಾಕ್ಟೀರಿಯಾದ ಕೆಲವು ಪ್ರೋಟೀನುಗಳನ್ನಷ್ಟೇ ಹಾಕುವ ಲಸಿಕೆಯಲ್ಲಿ ನಂಜು ಪೂರ್ತಿ ಮುರಿದಿದೆಯಾ ಅಂತ ನೋಡಲು ಮೊದಲು ಇಲಿಗಳಿಗೆ ಲಸಿಕೆ ಕೊಟ್ಟು ಆಮೇಲೆ ಹಿಸ್ಟಮಿನ್ ಅನ್ನುವ ರಾಸಾಯನಿಕ ಚುಚ್ಚುತ್ತಿದ್ದರು. ನಂಜು ಉಳಿದಿದ್ದರೆ ಇಲಿ ಸಾಯುತ್ತಿತ್ತು. ಈಗ ಹ್ಯಾಮ್‌ಸ್ಟರ್ ಅಂಡಾಶಯದಿಂದ ಬಂದ ಕೋಶಗಳನ್ನು ತಟ್ಟೆಯಲ್ಲಿ ಬೆಳೆಸುತ್ತಾರೆ. ನಂಜಿದ್ದರೆ ಹರಡಿಕೊಂಡಿದ್ದ ಕೋಶಗಳು ಗುಂಪುಗಟ್ಟುತ್ತವೆ. ಮೈಕ್ರೋಸ್ಕೋಪಿನಲ್ಲಿ ನೋಡಿದರೆ ದ್ರಾಕ್ಷಿ ಗೊಂಚಲಿನ ಹಾಗೆ, ಒಮ್ಮೆ ಕಂಡವರು ಮರೆಯುವುದಿಲ್ಲ. ಇಡೀ ಬ್ಯಾಕ್ಟೀರಿಯಾವನ್ನೇ ಕೊಂದು ಹಾಕುವ ಹಳೆಯ ಬಗೆಯ ಲಸಿಕೆಯ ಕಸುವು ಅಳೆಯಲು ಮಾತ್ರ ಇವತ್ತಿಗೂ ಇಲಿಗಳೇ ಬೇಕು. ಆ ಪರೀಕ್ಷೆಯನ್ನು ನಾನು ಬೈಯಲಾರೆ. 1950ರ ದಶಕದಲ್ಲಿ ಬ್ರಿಟನ್ನಿನಲ್ಲಿ ಮಕ್ಕಳಲ್ಲಿ ನಡೆದ ದೊಡ್ಡ ಅಧ್ಯಯನಗಳಲ್ಲಿ, ಇಲಿಯಲ್ಲಿ ಬಂದ ಅಂಕಿಗೂ ಮಕ್ಕಳಿಗೆ ಸಿಕ್ಕ ರಕ್ಷಣೆಗೂ ತಾಳೆ ಬಂದಿತ್ತು. ಅಂಥ ಪುರಾವೆ ಇರುವ ಪ್ರಾಣಿ ಪರೀಕ್ಷೆಗಳು ತೀರಾ ಕಮ್ಮಿ. ಸರಿಯಾದ ಬದಲಿ ಸಿಗುವವರೆಗೆ ಅದನ್ನು ಆತುರಪಟ್ಟು ಬಿಡಬಾರದು ಅನ್ನುವವರಲ್ಲಿ ನಾನೂ ಒಬ್ಬ.

ಇಷ್ಟು ಹೇಳಿದ ಮೇಲೆ, ಸುರಕ್ಷತೆ ನಿಜವಾಗಿ ಎಲ್ಲಿಂದ ಬರುತ್ತದೆ ಅನ್ನುವುದನ್ನು ಹೇಳಬೇಕು. 1955ರಲ್ಲಿ ಅಮೆರಿಕದಲ್ಲಿ ಒಂದು ಕಂಪನಿಯ ಪೋಲಿಯೊ ಲಸಿಕೆಯಲ್ಲಿ ವೈರಸ್ ಪೂರ್ತಿ ಸತ್ತಿರಲಿಲ್ಲ. 200ರಷ್ಟು ಮಂದಿಗೆ ಕೈಕಾಲು ಸೋತವು, 10 ಮಂದಿ ತೀರಿಕೊಂಡರು. ಆ ಬ್ಯಾಚುಗಳು ಆಗಿನ ಪರೀಕ್ಷೆಗಳನ್ನು ಪಾಸಾಗಿಯೇ ಹೊರಬಂದಿದ್ದವು. ಆ ಪರೀಕ್ಷೆಗಳಲ್ಲಿ ಕೋತಿಗಳ ಮೇಲಿನ ಪರೀಕ್ಷೆಯೂ ಇತ್ತು. ಅದೇ ಕಾರ್ಖಾನೆಯಲ್ಲಿ ಅದಕ್ಕೂ ಮುಂಚೆ ಹಲವು ಬ್ಯಾಚುಗಳಲ್ಲಿ ಜೀವಂತ ವೈರಸ್ ಸಿಕ್ಕಿ ಎಸೆದಿದ್ದರು. ಅದನ್ನು ಸರ್ಕಾರಕ್ಕೆ ತಿಳಿಸಬೇಕು ಅನ್ನುವ ನಿಯಮವೇ ಇರಲಿಲ್ಲ. ಎಸೆದ ಬ್ಯಾಚುಗಳ ಲೆಕ್ಕವನ್ನು ಯಾರಾದರೂ ನೋಡಿದ್ದರೆ, ಆ ಕಾರ್ಖಾನೆಯ ತಯಾರಿಯೇ ಹದ ತಪ್ಪಿದೆ ಅಂತ ಮೊದಲೇ ಗೊತ್ತಾಗುತ್ತಿತ್ತು. ಕೊನೆಯ ಸೀಸೆಯನ್ನು ಪ್ರಾಣಿಗೆ ಚುಚ್ಚಿ ನೋಡುವುದರಿಂದ ಸಿಗದ ಉತ್ತರ ಅದು.

ಈಗಿನ ಯೋಚನೆ ಇದರ ಮೇಲೆಯೇ ನಿಂತಿದೆ, ಕನ್ಸಿಸ್ಟೆನ್ಸಿ ಅನ್ನುತ್ತಾರೆ, ಅಂದರೆ ಪ್ರತಿ ಬ್ಯಾಚೂ ಒಂದೇ ಹದದಲ್ಲಿ ಬರುವುದು. ಬೀಜದ ವೈರಸ್, ಅಂದರೆ ಬ್ಯಾಚು ಬೆಳೆಸಲು ಹಾಕಿದ ಮೂಲ ವೈರಸ್ ಯಾವುದು, ಎಷ್ಟು ಹೊತ್ತು ಬೆಳೆಯಿತು, ಯಾವ ಹಂತದಲ್ಲಿ ಎಷ್ಟು ಪ್ರೋಟೀನು, ಎಷ್ಟು ಕಲ್ಮಶ, ಹಿಂದಿನ ಐವತ್ತು ಬ್ಯಾಚಿಗೆ ಹೋಲಿಸಿದರೆ ಎಲ್ಲಾದರೂ ಗೆರೆ ವಾಲುತ್ತಿದೆಯಾ, ಹೀಗೆ ಹತ್ತಾರು ಕಡೆ ಅಳತೆ. ಒಂದು ಬ್ಯಾಚಿನ ಕಡತ ಕೈಯಲ್ಲಿ ಹಿಡಿದರೆ ಭಾರ ಗೊತ್ತಾಗುತ್ತದೆ. ಕೋವಿಡ್ ಕಾಲದ ಎಂಆರ್‌ಎನ್‌ಎ ಲಸಿಕೆಗಳ ಬ್ಯಾಚುಗಳು ಹೊರಬಂದದ್ದು ಪ್ರಾಣಿಗಳಿಲ್ಲದ ಪರೀಕ್ಷೆಗಳಿಂದಲೇ. ಹೊಸ ಲಸಿಕೆಗಳಿಗೆ ಇದು ಸುಲಭ, ಮೊದಲಿನಿಂದಲೇ ಹಾಗೆ ಕಟ್ಟಿರುತ್ತಾರೆ. ಅರವತ್ತು ಎಪ್ಪತ್ತು ವರ್ಷದ ಹಿಂದಿನ ಲಸಿಕೆಗಳಿಗೇ ಕಷ್ಟ.

ಪ್ರಾಣಿಗಳ ಕಣ್ಣು ತಪ್ಪಿಸಿಕೊಂಡ ಕಲ್ಮಶ ಹೊಸ ವಿಧಾನಕ್ಕೆ ಸಿಕ್ಕ ಉದಾಹರಣೆಯೂ ಇದೆ. 2010ರಲ್ಲಿ ಹೊರಗಿನ ಸಂಶೋಧಕರು ಮಕ್ಕಳ ಒಂದು ರೋಟಾವೈರಸ್ ಲಸಿಕೆಯಲ್ಲಿದ್ದ ಎಲ್ಲ ಜೀನುಗಳನ್ನೂ ಓದಿದಾಗ ಹಂದಿಗಳ ಒಂದು ವೈರಸ್ಸಿನ ಗುರುತು ಸಿಕ್ಕಿತು. ಮಕ್ಕಳಿಗೆ ಅದರಿಂದ ತೊಂದರೆ ಕಾಣಲಿಲ್ಲ. ಕೆಲವು ವಾರ ತಡೆಹಿಡಿದ ದೇಶಗಳೂ ಮತ್ತೆ ಲಸಿಕೆ ಶುರು ಮಾಡಿದವು. ಒಪ್ಪಿಗೆಗೆ ಮುಂಚೆ ನಡೆದ ಯಾವ ಪರೀಕ್ಷೆಯೂ ಅದನ್ನು ಕಂಡಿರಲಿಲ್ಲ.

ಖರ್ಚಿನ ವಿಷಯಕ್ಕೆ ಬಂದರೆ, ನಿಮ್ಮ ಭಾವನದು ಪೂರ್ತಿ ತಪ್ಪಲ್ಲ. ಕಂಪನಿಗೆ ಕೊನೆಗೆ ಉಳಿತಾಯ ಆಗುತ್ತದೆ, ಮುಖ್ಯವಾಗಿ ಸಮಯದ್ದು. ತಿಂಗಳುಗಟ್ಟಲೆ ಕೋಲ್ಡ್ ರೂಮಿನಲ್ಲಿ ಕಾಯುವ ಬ್ಯಾಚು ಬೇಗ ಹೊರಬೀಳುತ್ತದೆ. ಆದರೆ ಬದಲಿ ವಿಧಾನ ಕಟ್ಟಿ ಒಪ್ಪಿಸುವುದಕ್ಕೆ ಮೊದಲು ವರ್ಷಗಟ್ಟಲೆ ದುಡ್ಡು ಸುರಿಯಬೇಕು. ಬರೀ ದುಡ್ಡಿನ ಲೆಕ್ಕ ಹಾಕುವ ಕಂಪನಿಗೆ ಹಳೆಯ ಪರೀಕ್ಷೆಯನ್ನೇ ಕಣ್ಣುಮುಚ್ಚಿ ಮುಂದುವರಿಸುವುದು ಸುಲಭ. ಎಷ್ಟೋ ಕಂಪನಿಗಳು ಮಾಡಿದ್ದೂ ಅದನ್ನೇ. ಇನ್ನೊಂದು ಅಡ್ಡಿ, ಒಂದೇ ಲಸಿಕೆ ಹತ್ತಾರು ದೇಶಕ್ಕೆ ಹೋಗುತ್ತದೆ. ಒಂಬತ್ತು ದೇಶ ಬೇಡ ಅಂದು ಹತ್ತನೆಯದು ಬೇಕು ಅಂದರೆ ಪರೀಕ್ಷೆ ಮಾಡಲೇಬೇಕು. ಕಂಪನಿ ಮಾಡಿದ್ದನ್ನೇ ಸರ್ಕಾರಿ ಲ್ಯಾಬು ಮತ್ತೊಮ್ಮೆ ಮಾಡುವುದೂ ಇದೆ, ಇಲಿಗಳ ಲೆಕ್ಕ ದುಪ್ಪಟ್ಟು. ವಿಜ್ಞಾನ ಸಿದ್ಧವಾದ ಮೇಲೂ ಹತ್ತು ವರ್ಷ ಎಳೆಯುವುದು ಹೀಗೇ. ನನಗೆ ಸಿಟ್ಟು ಬರುವುದೂ ಈ ಜಾಗದಲ್ಲೇ.

ಹೊಸ ವಿಧಾನವನ್ನು ಹಳೆಯದಕ್ಕೆ ಹೋಲಿಸಿ ತೋರಿಸಿ ಅನ್ನುವ ಹಟವೂ ಇತ್ತು. ಕಾಲು ಕೆಜಿಗೂ ನಾಲ್ಕು ಕೆಜಿಗೂ ವ್ಯತ್ಯಾಸ ಹೇಳದ ತಕ್ಕಡಿಗೆ ಹೊಸ ತಕ್ಕಡಿ ತಾಳೆ ಆಗಬೇಕು ಅಂದರೆ ಹೇಗೆ? ಯುರೋಪಿಯನ್ ಫಾರ್ಮಕೋಪಿಯಾ 2018ರಲ್ಲಿ ಇದಕ್ಕೇ ಒಂದು ಅಧ್ಯಾಯ ಸೇರಿಸಿತು. ಅಂಕಿಗೆ ಅಂಕಿ ತಾಳೆ ಆಗಲೇಬೇಕಿಲ್ಲ, ಹೊಸ ಪರೀಕ್ಷೆ ಒಳ್ಳೆಯ ಬ್ಯಾಚನ್ನೂ ಕೆಟ್ಟದ್ದನ್ನೂ ಬೇರೆ ಮಾಡುತ್ತದಾ ನೋಡಿ ಅಂತ. ನಮ್ಮಂಥವರಿಗೆ ಅದು ದೊಡ್ಡ ಬಾಗಿಲು ತೆಗೆದ ಹಾಗಾಯಿತು.

ಕೊನೆಗೆ ಬರುವ ವಾರದ ಮಾತು. ಕಾರ್ಖಾನೆ ಬಿಟ್ಟ ಮೇಲೆ ಲಸಿಕೆ ಕೆಡುವುದು ಬಿಸಿಗೆ ಅಥವಾ ಹೆಪ್ಪುಗಟ್ಟಿದರೆ. ಇರಬೇಕಾದ್ದು 2ರಿಂದ 8 ಡಿಗ್ರಿಯಲ್ಲಿ. ನಿಮ್ಮ ಮಗಳ ಲಸಿಕೆಯಲ್ಲಿರುವ ಅಲ್ಯೂಮಿನಿಯಂ ಉಪ್ಪು ಒಮ್ಮೆ ಹೆಪ್ಪುಗಟ್ಟಿದರೆ ಮತ್ತೆ ಸರಿಯಾಗುವುದಿಲ್ಲ, ಕಸುವೂ ಹೋಗುತ್ತದೆ. ಕೆಲವು ವಯಲ್‌ಗಳ ಮೇಲೆ ವೃತ್ತದೊಳಗೆ ಚೌಕ ಇರುವ ಗುರುತಿರುತ್ತದೆ. ಒಳಗಿನ ಚೌಕ ಹೊರಗಿನ ವೃತ್ತಕ್ಕಿಂತ ತಿಳಿಯಾಗಿದ್ದರೆ ಸರಿ, ಅಷ್ಟೇ ಕಪ್ಪಾಗಿದ್ದರೆ ಬಿಸಿ ತಗುಲಿದೆ ಅಂತ. ಹೆಪ್ಪುಗಟ್ಟಿದ್ದು ಮಾತ್ರ ಅದರಲ್ಲಿ ಕಾಣುವುದಿಲ್ಲ. "ಸಿಸ್ಟರ್, ಡೇಟ್ ಒಂದ್ಸಲ ತೋರಿಸ್ತೀರಾ, ಫ್ರಿಡ್ಜ್‌ನಲ್ಲಿ ಗಟ್ಟಿಯಾಗಿರಲಿಲ್ಲ ತಾನೇ?" ಅಂತ ಕೇಳಿ, ಯಾರೂ ತಪ್ಪು ತಿಳಿಯುವುದಿಲ್ಲ.

ಆ ರಾತ್ರಿ ಮಗುವಿಗೆ ಸ್ವಲ್ಪ ಜ್ವರ ಬರಬಹುದು, ಚುಚ್ಚಿದ ಜಾಗ ಕೆಂಪಾಗಬಹುದು. ಮೊಲದ ಪರೀಕ್ಷೆ ನಿಲ್ಲಿಸಿದ್ದಕ್ಕೆ ಹೀಗಾಯಿತು ಅಂದುಕೊಳ್ಳಬೇಡಿ. ಅದು ಮಗುವಿನ ಮೈ ಲಸಿಕೆಯನ್ನು ಗುರುತಿಸಿದಾಗ ಬರುವ ಜ್ವರ. ಮೊಲದ ಪರೀಕ್ಷೆ ಇದ್ದ ಕಾಲದಲ್ಲೂ ಬರುತ್ತಿತ್ತು, ಒಂದೆರಡು ದಿನದಲ್ಲಿ ಇಳಿಯುತ್ತದೆ. ಔಷಧಿಯ ಪ್ರಮಾಣವನ್ನು ಮಗುವಿನ ತೂಕ ಹೇಳಿ ಡಾಕ್ಟರ ಹತ್ತಿರ ಮೊದಲೇ ಬರೆಸಿಕೊಳ್ಳಿ. ಮಗು ಮೂರು ಗಂಟೆಗೂ ಹೆಚ್ಚು ಸಮಾಧಾನವೇ ಆಗದೆ ಅತ್ತರೆ, ಜ್ವರ ತುಂಬಾ ಏರಿದರೆ, ಫಿಟ್ಸ್ ಬಂದರೆ, ಮೈ ಸಡಿಲಾಗಿ ಬಿದ್ದರೆ ಬೆಳಗಾಗಲಿ ಅಂತ ಕಾಯದೆ ತಕ್ಷಣ ಕರೆದುಕೊಂಡು ಹೋಗಿ.